ವಿಎಂಪಿಎಲ್‌ಗೆ ಲಿನಕ್ಸ್ ಕರ್ನಲ್ ಸಜ್ಜು ಮಾಡುವ ಬಗೆ: ಬಯಾಸ್‌ನಿಂದ ಸಹಿ ಇರುವ ವರದಿಯವರೆಗೆ

ಮಂಡ್ಯದ ಹಾಲು ಸಂಘದ ಲೆಕ್ಕ, ಕಬ್ಬಿನ ಪಾವತಿ ಪಟ್ಟಿ, ಮೈಸೂರಿನ ನರ್ಸಿಂಗ್ ಹೋಮ್‌ನ ರೋಗಿಗಳ ದಾಖಲೆ. ಇಂಥವನ್ನು ಸ್ವಂತ ಯಂತ್ರದಲ್ಲಿ ಇಟ್ಟುಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. ಹೆಬ್ಬಾಳ, ಹೂಟಗಳ್ಳಿ ಕಡೆಯ ಯಾರದೋ ರ‍್ಯಾಕ್‌ನಲ್ಲಿ ಒಂದು ವರ್ಚುವಲ್ ಮಷಿನ್ ಬಾಡಿಗೆಗೆ ಹಿಡಿದರೆ ಕೆಲಸ ಆಗುತ್ತದೆ. ಆದರೆ ಆ ಸರ್ವರ್‌ನ, ಅಂದರೆ ಹೋಸ್ಟ್‌ನ, ರೂಟ್ ಪಾಸ್‌ವರ್ಡ್ ಇದ್ದವರು ನಿಮ್ಮ ವರ್ಚುವಲ್ ಮಷಿನ್‌ನ, ಅಂದರೆ ಗೆಸ್ಟ್‌ನ, ಮೆಮೊರಿಯನ್ನು ಪೂರ್ತಿ ಓದಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೂ ಅದರ ಕೀ ಮೆಮೊರಿಯಲ್ಲೇ ಇರುತ್ತದೆ. ಇದನ್ನು ತಡೆಯಲು ಎಎಂಡಿ ಪ್ರೊಸೆಸರ್‌ಗಳಲ್ಲಿ ಗೆಸ್ಟ್ ಮೆಮೊರಿಯನ್ನು ಎನ್‌ಕ್ರಿಪ್ಟ್ ಮಾಡಿ ಕಾಯುವ ಸೆವ್-ಎಸ್‌ಎನ್‌ಪಿ (ಮುಂದೆ ಬರೀ ಎಸ್‌ಎನ್‌ಪಿ) ಎಂಬ ವ್ಯವಸ್ಥೆ ಇದೆ, ಅದರೊಳಗೆ ವಿಎಂಪಿಎಲ್ ಎಂಬ ನಾಲ್ಕು ಅಧಿಕಾರದ ಹಂತಗಳಿವೆ. ಹೋಸ್ಟ್ ಮತ್ತು ಗೆಸ್ಟ್ ಎರಡೂ ಕಡೆಯ ಕರ್ನಲ್ ಅನ್ನು ಅದಕ್ಕೆ ಸಿದ್ಧಪಡಿಸುವ ಕ್ರಮ ಈ ಲೇಖನದಲ್ಲಿದೆ. ಹೋಸ್ಟ್ ನಡೆಸುವವರು, ಅದರ ಮೇಲೆ ಗೆಸ್ಟ್ ಇಡುವವರು ಇಬ್ಬರೂ ಓದಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸಲು ಬರದಿದ್ದರೆ ಈ ಶ್ರಮಕ್ಕೆಲ್ಲ ಬೆಲೆ ಇಲ್ಲ.

ಕಮಾಂಡ್, ಆಪ್ಷನ್, ಫೈಲ್ ದಾರಿಗಳ ಹೆಸರನ್ನು ಓದಿನ ಅನುಕೂಲಕ್ಕೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಕಾಗುಣಿತ ಬಳಸಿ.

ಮೊದಲು ತಿಳಿದಿರಬೇಕಾದದ್ದು

ಎಸ್‌ಎನ್‌ಪಿಯ ಹೃದಯ ಆರ್‌ಎಂಪಿ ಎಂಬ ಕೋಷ್ಟಕ. ಸರ್ವರ್‌ನ ಮೆಮೊರಿಯ ಪ್ರತಿ 4 ಕೆಬಿ ಪುಟಕ್ಕೂ ಅದರಲ್ಲಿ 16 ಬೈಟ್‌ನ ಒಂದು ದಾಖಲೆ ಇರುತ್ತದೆ. ಹೊಲಕ್ಕೆ ಪಹಣಿ ಇದ್ದಂತೆ: ಈ ಪುಟ ಯಾವ ಗೆಸ್ಟ್‌ನದು, ಗೆಸ್ಟ್‌ನೊಳಗೆ ಅದರ ವಿಳಾಸ ಏನು, ಗೆಸ್ಟ್ ಅದನ್ನು ಒಪ್ಪಿಕೊಂಡಿದೆಯೇ, ಯಾವ ಹಂತದವರಿಗೆ ಏನು ಹಕ್ಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಹೈಪರ್‌ವೈಸರ್, ಅಂದರೆ ಗೆಸ್ಟ್‌ಗಳನ್ನು ಓಡಿಸುವ ಹೋಸ್ಟ್ ತಂತ್ರಾಂಶ, ತನ್ನ ಪೇಜ್ ಟೇಬಲ್ ಅನ್ನು ಹೇಗೆ ತಿದ್ದಿಕೊಂಡರೂ ಪ್ರೊಸೆಸರ್ ಈ ಕೋಷ್ಟಕವನ್ನು ನೋಡಿಯೇ ಒಳಗೆ ಬಿಡುತ್ತದೆ.

ಹಂತಗಳು ಸೊನ್ನೆಯಿಂದ ಮೂರರವರೆಗೆ. ಸೊನ್ನೆಗೆ ಅಧಿಕಾರ ಹೆಚ್ಚು, ಮೂರಕ್ಕೆ ಕಡಿಮೆ. ಪ್ರತಿ ಪುಟಕ್ಕೂ ಪ್ರತಿ ಹಂತಕ್ಕೂ ಓದುವ ಹಕ್ಕು, ಬರೆಯುವ ಹಕ್ಕು, ಬಳಕೆದಾರ ಸ್ಥಿತಿಯಲ್ಲಿ ಓಡಿಸುವ ಹಕ್ಕು, ಕರ್ನಲ್ ಸ್ಥಿತಿಯಲ್ಲಿ ಓಡಿಸುವ ಹಕ್ಕು ಎಂದು ನಾಲ್ಕು ಬೇರೆ ಬೇರೆ ಹಕ್ಕುಗಳಿವೆ. ಮೇಲಿನ ಹಂತದವರು ಕೆಳಗಿನವರ ಹಕ್ಕನ್ನು ಆರ್‌ಎಂಪಿಅಡ್ಜಸ್ಟ್ ಎಂಬ ಸೂಚನೆಯಿಂದ ಮಾತ್ರ ಬದಲಿಸಬಹುದು. ಪುಟವನ್ನು ಒಪ್ಪಿಕೊಳ್ಳುವ ಪಿವ್ಯಾಲಿಡೇಟ್ ಸೂಚನೆ ಹಂತ 0ಕ್ಕೆ ಮೀಸಲು.

ಹಲವರು ಇದನ್ನು ಕರ್ನಲ್ ಮತ್ತು ಪ್ರೋಗ್ರಾಂಗಳನ್ನು ಬೇರ್ಪಡಿಸುವ ಪ್ರೊಸೆಸರ್ ರಿಂಗ್‌ಗಳೊಂದಿಗೆ ಬೆರೆಸಿಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಹಂತ 2ರಲ್ಲಿರುವ ಲಿನಕ್ಸ್ ಕರ್ನಲ್ ಕೂಡ ರಿಂಗ್ 0ರಲ್ಲೇ ಓಡುತ್ತದೆ, ತನ್ನ ಪ್ರೊಸೆಸ್‌ಗಳ ಮೇಲೆ ಅದಕ್ಕೆ ಎಂದಿನ ಪೂರ್ತಿ ಅಧಿಕಾರ ಇರುತ್ತದೆ. ಅದಕ್ಕೂ ಮೇಲೆ, ಅದೇ ಗೆಸ್ಟ್‌ನೊಳಗೆ, ಎಸ್‌ವಿಎಸ್‌ಎಂ ಎಂಬ ಚಿಕ್ಕ ತಂತ್ರಾಂಶ ಹಂತ 0ರಲ್ಲಿ ಕೂರುತ್ತದೆ. ಕರ್ನಲ್ ಕೆಟ್ಟರೂ ಇದರ ಮೆಮೊರಿಗೆ ಕೈ ಹಾಕಲಾರದು. ಕೀಗಳನ್ನೂ ಬೂಟ್ ಅಳತೆಗಳನ್ನೂ ಕಾಯುವ ವರ್ಚುವಲ್ ಟಿಪಿಎಂನಂಥ ಸೂಕ್ಷ್ಮ ಸೇವೆಯನ್ನು ಅಲ್ಲಿಡುವುದು ಅದಕ್ಕೇ.

ಯಂತ್ರ ಮತ್ತು ಬಯಾಸ್

ಮನೆಯ ರೈಜನ್ ಡೆಸ್ಕ್‌ಟಾಪ್‌ನಲ್ಲಿ ಇದು ಆಗುವುದಿಲ್ಲ. ಎಪಿಕ್ 7003 ಸಾಲಿನ ಮಿಲಾನ್, 9004ರ ಜೆನೋವಾ, 9005ರ ಟ್ಯೂರಿನ್, ಇವುಗಳಲ್ಲಿ ಒಂದು ಬೇಕು. ಹಿಂದಿನ ರೋಮ್‌ನಲ್ಲಿ ಅದರ ಹಳೆಯ ರೂಪವಾದ ಸೆವ್-ಇಎಸ್ ಇದೆ, ಎಸ್‌ಎನ್‌ಪಿ ಇಲ್ಲ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರು ಸಾಲಿನ ಸಂಖ್ಯೆಯ ಕೊನೆಯ ಅಂಕಿ 3 ಅಥವಾ ಅದಕ್ಕಿಂತ ಹೊಸದೇ ಎಂದು ನೋಡಿಯೇ ದುಡ್ಡು ಕೊಡಿ.

ಬಯಾಸ್‌ನಲ್ಲಿ ಐದು ವಿಷಯ. ತಯಾರಕರಿಗೆ ತಕ್ಕಂತೆ ಮೆನುವಿನ ಜಾಗ ಬದಲಾಗುತ್ತದೆ, ಹೆಸರು ಬಹುತೇಕ ಇದೇ. ಮೆಮೊರಿ ಎನ್‌ಕ್ರಿಪ್ಷನ್‌ನ ಎಸ್‌ಎಂಇಇ ಆನ್. ಸೆವ್-ಎಸ್‌ಎನ್‌ಪಿ ಸಪೋರ್ಟ್ ಆನ್. ಎಸ್‌ಎನ್‌ಪಿ ಮೆಮೊರಿ ಕವರೇಜ್ ಆನ್, ಅಂದರೆ ಇಡೀ ರ‍್ಯಾಮ್‌ಗೆ ಆರ್‌ಎಂಪಿ. ಸಾಧನಗಳ ಮೆಮೊರಿ ಬಳಕೆಯನ್ನು ನಿಯಂತ್ರಿಸುವ ಐಒಎಂಎಂಯು ಆನ್. ಐದನೆಯದು ಸೆವ್-ಇಎಸ್ ಎಎಸ್‌ಐಡಿ ಸ್ಪೇಸ್ ಲಿಮಿಟ್ (ಎಎಸ್‌ಐಡಿ ಎಂದರೆ ಪ್ರತಿ ಗೆಸ್ಟ್‌ಗೆ ಸಿಗುವ ಗುರುತು ಸಂಖ್ಯೆ), ಇದರಲ್ಲೇ ಹೆಚ್ಚು ಜನ ಎಡವುವುದು. ಇಲ್ಲಿ ಕೊಡುವ ಅಂಕಿ ಮಾಮೂಲಿ ಸೆವ್ ಗೆಸ್ಟ್‌ಗಳ ಗುರುತು ಸಂಖ್ಯೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಹೇಳುತ್ತದೆ. ಎಸ್‌ಎನ್‌ಪಿಗೆ ಸಿಗುವುದು ಅದಕ್ಕಿಂತ ಕೆಳಗಿನವು. 100 ಕೊಟ್ಟರೆ 1ರಿಂದ 99ರವರೆಗೆ, ಅಂದರೆ ಏಕಕಾಲಕ್ಕೆ 99 ಗೆಸ್ಟ್ ಓಡಿಸಬಹುದು. 1 ಎಂದೇ ಬಿಟ್ಟರೆ ಎಸ್‌ಎನ್‌ಪಿಗೆ ಒಂದೂ ಉಳಿಯುವುದಿಲ್ಲ. ಆಗ ಬಾಕಿ ಎಲ್ಲ ಸರಿ ಇದ್ದರೂ ಗೆಸ್ಟ್ ಏಳುವುದಿಲ್ಲ.

ಆರ್‌ಎಂಪಿ ತಿನ್ನುವ ಜಾಗ ಹೆಚ್ಚೇನಿಲ್ಲ, ಒಟ್ಟು ಮೆಮೊರಿಯ 256ನೇ ಒಂದು ಭಾಗ. 64 ಜಿಬಿ ಸರ್ವರ್‌ನಲ್ಲಿ 256 ಎಂಬಿ, 256 ಜಿಬಿಯಲ್ಲಿ 1 ಜಿಬಿ. ಬಯಾಸ್ ಮೀಸಲಿಟ್ಟ ಜಾಗ ಇಡೀ ರ‍್ಯಾಮ್‌ಗೆ ಸಾಲದಿದ್ದರೆ, ಆರ್‌ಎಂಪಿಗೆ ಮೀಸಲಾದ ಮೆಮೊರಿ ಪೂರ್ತಿ ರ‍್ಯಾಮ್ ಅನ್ನು ಆವರಿಸಿಲ್ಲ ಎಂದು ಕರ್ನಲ್ ತನ್ನ ಲಾಗ್‌ನಲ್ಲಿ ಬರೆದು ಎಸ್‌ಎನ್‌ಪಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಇದು ಕಾಣಿಸಿಕೊಂಡರೆ ಕವರೇಜ್ ಸೆಟ್ಟಿಂಗ್ ಅನ್ನು ಮತ್ತೊಮ್ಮೆ ನೋಡಿ.

ಬಯಾಸ್ ಮತ್ತು ಸೆವ್ ಫರ್ಮ್‌ವೇರ್ ಅಪ್‌ಡೇಟ್ ಅನ್ನು ಯುಪಿಎಸ್ ಚಾರ್ಜ್ ನೋಡಿಕೊಂಡೇ ಮಾಡಿ. ಚೆಸ್ಕಾಂ ಕರೆಂಟ್ ಬೇಸಿಗೆಯ ಮಧ್ಯಾಹ್ನ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಫ್ಲ್ಯಾಶ್ ಅರ್ಧಕ್ಕೆ ನಿಂತರೆ ಬೋರ್ಡ್ ಅನ್ನೇ ಕಳುಹಿಸಬೇಕಾಗಬಹುದು. ಹೋಸ್ಟ್‌ನಲ್ಲಿ ಲಿನಕ್ಸ್ ಕೇಳುವ ಕನಿಷ್ಠ ಸೆವ್ ಫರ್ಮ್‌ವೇರ್ ಎಪಿಐ 1.51.

ಹೋಸ್ಟ್ ಕರ್ನಲ್

ಯಾವ ಆವೃತ್ತಿ ಎಂಬುದು ಇಲ್ಲಿ ಬಹಳ ಮುಖ್ಯ. ಎಸ್‌ಎನ್‌ಪಿ ಗೆಸ್ಟ್ ಆಗಿ ಓಡುವ ಬೆಂಬಲ ಮೇನ್‌ಲೈನ್ ಲಿನಕ್ಸ್‌ಗೆ ಬಂದದ್ದು 5.19ರಲ್ಲಿ, 2022ರಲ್ಲಿ. ಹೋಸ್ಟ್ ಕಡೆಯ ಆರಂಭಿಕ ಸಿದ್ಧತೆ 6.9ರಲ್ಲಿ ಸೇರಿತು, ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ ನಿಜವಾಗಿ ಎಸ್‌ಎನ್‌ಪಿ ಗೆಸ್ಟ್ ಎಬ್ಬಿಸಬಲ್ಲದ್ದಾದದ್ದು 2024ರ 6.11ರಲ್ಲಿ. ಎಸ್‌ವಿಎಸ್‌ಎಂ ಅಡಿಯಲ್ಲಿ, ಹಂತ 0 ಅಲ್ಲದ ಕಡೆ, ಗೆಸ್ಟ್ ಓಡುವ ಬೆಂಬಲವೂ ಅದೇ 6.11ರಲ್ಲಿ. ಹಾಗಾಗಿ ಎರಡೂ ಕಡೆ 6.11 ಅಥವಾ ಅದಕ್ಕಿಂತ ಹೊಸದನ್ನೇ ಹಿಡಿಯಿರಿ. ಮೇನ್‌ಲೈನ್ 6.8ರ ಮೇಲೆ ಪ್ಯಾಚ್ ಅಂಟಿಸುವ ಗೋಜಿಗೆ ಹೋಗಬೇಡಿ.

ಸೋರ್ಸ್ ಕಂಪೈಲ್ ಮಾಡಲು ಬಿಲ್ಡ್-ಎಸೆನ್ಷಿಯಲ್, ಫ್ಲೆಕ್ಸ್, ಬೈಸನ್, ಬಿಸಿ, ಲಿಬ್‌ಎಲ್ಫ್ ಮತ್ತು ಲಿಬ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜ್, ಡ್ವಾರ್ವ್ಸ್ ಇವಿಷ್ಟು ಬೇಕು. ಡೀಬಗ್ ಮಾಹಿತಿ ಇಟ್ಟುಕೊಂಡರೆ 30 ಜಿಬಿಯಷ್ಟಾದರೂ ಡಿಸ್ಕ್ ಖಾಲಿ ಇರಲಿ. ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲ್ ಅನ್ನು /ಬೂಟ್‌ನಿಂದ ನಕಲು ಮಾಡಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟು, ಆಮೇಲೆ ಮೇಕ್ ಮೆನುಕಾನ್ಫಿಗ್ ತೆರೆಯಿರಿ.

ಪ್ರೊಸೆಸರ್ ಟೈಪ್ ಆ್ಯಂಡ್ ಫೀಚರ್ಸ್ ಮೆನುವಿನಲ್ಲಿ ಎಎಂಡಿ ಸೆಕ್ಯೂರ್ ಮೆಮೊರಿ ಎನ್‌ಕ್ರಿಪ್ಷನ್, ಎಸ್‌ಎಂಇ ಸಪೋರ್ಟ್ ಎಂಬ ಸಾಲು ಇದೆ. ಕಾನ್ಫಿಗ್_ಎಎಂಡಿ_ಮೆಮ್_ಎನ್‌ಕ್ರಿಪ್ಟ್ ಇದೇ. ಸಾಲಿನಲ್ಲಿ ಎಸ್‌ಎನ್‌ಪಿ ಎಂಬ ಪದವೇ ಇಲ್ಲದ್ದರಿಂದ ಹೊಸಬರು ದಾಟಿ ಹೋಗುತ್ತಾರೆ. ಹೋಸ್ಟ್‌ಗೂ ಗೆಸ್ಟ್‌ಗೂ ಇದೇ ಬುನಾದಿ. ಇಎಫ್‌ಐ ಸ್ಟಬ್ ಆನ್ ಇದ್ದರೆ ಮಾತ್ರ ಇದು ನೆಟ್ಟಗೆ ಕೆಲಸಕ್ಕೆ ಬರುತ್ತದೆ.

ವರ್ಚುವಲೈಸೇಷನ್ ಮೆನುವಿನಲ್ಲಿ ಕೆವಿಎಂ ಎಎಂಡಿ, ಅದರ ಕೆಳಗೆ ಕಾನ್ಫಿಗ್_ಕೆವಿಎಂ_ಎಎಂಡಿ_ಸೆವ್. ಇದು ಕೆಲವೊಮ್ಮೆ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಕಾರಣ ಅವಲಂಬನೆ. ಕ್ರಿಪ್ಟೋ ಹಾರ್ಡ್‌ವೇರ್ ವಿಭಾಗದಲ್ಲಿ ಎಎಂಡಿ ಸಿಸಿಪಿ, ಅದರ ಸಾಧನ ಡ್ರೈವರ್ ಸಿಸಿಪಿ_ಡಿಡಿ, ಅದರೊಳಗಿನ ಪಿಎಸ್‌ಪಿ (ಎಎಂಡಿಯ ಸುರಕ್ಷಾ ಪ್ರೊಸೆಸರ್) ಈ ಮೂರೂ ಆನ್ ಆಗಿರಬೇಕು. ಜೊತೆಗೆ, ಕೆವಿಎಂ ಎಎಂಡಿಯನ್ನು ಕರ್ನಲ್‌ನೊಳಗೇ ಸೇರಿಸಿ ಸಿಸಿಪಿ_ಡಿಡಿಯನ್ನು ಮಾಡ್ಯೂಲ್ ಆಗಿ ಬಿಟ್ಟರೆ ಸೆವ್ ಆಯ್ಕೆ ಸದ್ದಿಲ್ಲದೆ ಮಾಯವಾಗುತ್ತದೆ. ಒಳಗೆ ಕೂತ ಕೋಡ್ ಹೊರಗಿನ ಮಾಡ್ಯೂಲ್‌ನ ಫಂಕ್ಷನ್ ಕರೆಯಲಾರದು ಎಂಬುದೇ ಇದರ ಹಿಂದಿನ ತರ್ಕ. ಎರಡನ್ನೂ ಮಾಡ್ಯೂಲ್ ಮಾಡಿ, ಇಲ್ಲವೇ ಎರಡನ್ನೂ ಒಳಗೇ ಇಡಿ.

ಐಒಎಂಎಂಯು ವಿಭಾಗದಲ್ಲಿ ಡಿಫಾಲ್ಟ್ ಡೊಮೈನ್ ಪಾಸ್‌ತ್ರೂ, ಅಂದರೆ ತಪಾಸಣೆ ಇಲ್ಲದೆ ಬಿಡುವ ಬಗೆ, ಆಗಿರಕೂಡದು. ವೇಗದ ಆಸೆಗೆ ಬೂಟ್ ಸಾಲಿನಲ್ಲಿ ಐಒಎಂಎಂಯು=ಪಿಟಿ ಹಾಕಿಟ್ಟ ಸರ್ವರ್‌ಗಳು ನಮ್ಮ ಕಡೆ ಬಹಳ. ಹಾಗಿದ್ದರೆ, ಐಒಎಂಎಂಯು ಇಲ್ಲ ಅಥವಾ ಪಾಸ್‌ತ್ರೂನಲ್ಲಿದೆ, ಎಸ್‌ಎನ್‌ಪಿ ಸಾಧ್ಯವಿಲ್ಲ ಎಂಬರ್ಥದ ಸಾಲು ಡಿಮೆಸ್ಗ್‌ನಲ್ಲಿ (ಕರ್ನಲ್ ಲಾಗ್ ತೋರಿಸುವ ಕಮಾಂಡ್) ಬರುತ್ತದೆ. ಆ ಪದ ತೆಗೆದು ಐಒಎಂಎಂಯು=ನೋಪಿಟಿ ಹಾಕಿ ರೀಬೂಟ್ ಮಾಡಿ. ಈ ನಿರ್ಬಂಧ ಸುಮ್ಮನೆ ಇಟ್ಟದ್ದಲ್ಲ. ನೆಟ್‌ವರ್ಕ್ ಕಾರ್ಡೋ ಡಿಸ್ಕ್ ಕಂಟ್ರೋಲರೋ ಡಿಎಂಎ ಮೂಲಕ ಗೆಸ್ಟ್ ಪುಟಕ್ಕೆ ನೇರ ಬರೆದರೆ ಆರ್‌ಎಂಪಿ ಕಾವಲೇ ವ್ಯರ್ಥ. ಸಾಧನಗಳ ಓಡಾಟವೂ ಐಒಎಂಎಂಯು ಮೂಲಕ ಈ ತಪಾಸಣೆಗೆ ಒಳಪಡಬೇಕು.

ಉಬುಂಟು ಕಾನ್ಫಿಗ್ ನಕಲು ಮಾಡಿದವರಿಗೆ ಕಂಪೈಲ್ ಮಧ್ಯೆ ಕೆನಾನಿಕಲ್ ಸರ್ಟಿಫಿಕೇಟ್ ಫೈಲ್ ಸಿಗುತ್ತಿಲ್ಲ ಎಂಬ ಎರರ್ ಬರುವುದು ಖಚಿತ. ಸ್ಕ್ರಿಪ್ಟ್ಸ್/ಕಾನ್ಫಿಗ್ ಬಳಸಿ ಸಿಸ್ಟಮ್_ಟ್ರಸ್ಟೆಡ್_ಕೀಸ್ ಮತ್ತು ಸಿಸ್ಟಮ್_ರೆವೊಕೇಷನ್_ಕೀಸ್ ಎರಡನ್ನೂ ಡಿಸೇಬಲ್ ಮಾಡಿ. ಆಮೇಲೆ ಮೇಕ್ ಬಿನ್‌ಡೆಬ್-ಪಿಕೆಜಿ.

ಹೊಸ ಕರ್ನಲ್ ಎದ್ದ ಮೇಲೆ ಡಿಮೆಸ್ಗ್‌ನಲ್ಲಿ ಮೂರು ಸಾಲು ಹುಡುಕಿ. ಆರ್‌ಎಂಪಿ ಕೋಷ್ಟಕದ ಭೌತಿಕ ವ್ಯಾಪ್ತಿ ತೋರಿಸುವುದು ಒಂದು, ಸಿಸಿಪಿ ಡ್ರೈವರ್ ಹೇಳುವ ಸೆವ್-ಎಸ್‌ಎನ್‌ಪಿ ಎಪಿಐ ಆವೃತ್ತಿ ಇನ್ನೊಂದು, ಕೆವಿಎಂ_ಎಎಂಡಿ ಹೇಳುವ ಸೆವ್-ಎಸ್‌ಎನ್‌ಪಿ ಎನೇಬಲ್ಡ್ ಮತ್ತು ಎಎಸ್‌ಐಡಿ ವ್ಯಾಪ್ತಿ ಮಗದೊಂದು. /ಸಿಸ್/ಮಾಡ್ಯೂಲ್/ಕೆವಿಎಂ_ಎಎಂಡಿ/ಪ್ಯಾರಾಮೀಟರ್ಸ್/ಸೆವ್_ಎಸ್‌ಎನ್‌ಪಿ ಓದಿದರೆ ವೈ ಎಂದು ಬರಬೇಕು. ಎಸ್‌ಎನ್‌ಪಿಹೋಸ್ಟ್ ಎಂಬ ಟೂಲ್ ಇದ್ದರೆ ಎಸ್‌ಎನ್‌ಪಿಹೋಸ್ಟ್ ಓಕೆ ಎಂದು ಕೊಟ್ಟರೆ ಒಂದೊಂದನ್ನೂ ಪಾಸು-ಫೇಲು ಎಂದು ಪಟ್ಟಿ ಮಾಡುತ್ತದೆ. ಸಿಪಿಯುಐಡಿಯ ಹೆಕ್ಸ್ 8000001ಎಫ್ ಪುಟದಲ್ಲಿ ಇಬಿಎಕ್ಸ್‌ನ 12ರಿಂದ 15ನೇ ಬಿಟ್‌ಗಳು ಎಷ್ಟು ವಿಎಂಪಿಎಲ್ ಇವೆ ಎಂಬುದನ್ನು ಕೊಡುತ್ತವೆ.

ಗೆಸ್ಟ್ ಕರ್ನಲ್

ಇಲ್ಲೂ ಎಎಂಡಿ_ಮೆಮ್_ಎನ್‌ಕ್ರಿಪ್ಟ್ ಬೇಕೇ ಬೇಕು. ಅದರ ಜೊತೆಗೆ ಡಿವೈಸ್ ಡ್ರೈವರ್ಸ್ ಒಳಗಿನ ವರ್ಚುವಲೈಸೇಷನ್ ಡ್ರೈವರ್ಸ್‌ನಲ್ಲಿ ಎಎಂಡಿ ಸೆವ್ ಗೆಸ್ಟ್ ಡ್ರೈವರ್, ಅಂದರೆ ಕಾನ್ಫಿಗ್_ಸೆವ್_ಗೆಸ್ಟ್. ಇದನ್ನು ಆರಿಸಿದರೆ ಪ್ರೊಸೆಸರ್ ಸಹಿ ಹಾಕಿದ ವರದಿ ಪಡೆಯುವ ಟಿಎಸ್‌ಎಂ ರಿಪೋರ್ಟ್ಸ್ ತಾನಾಗಿ ಬರುತ್ತದೆ. ಕಾನ್ಫಿಗ್‌ಎಫ್‌ಎಸ್, ಇಎಫ್‌ಐ, ಇಎಫ್‌ಐ ಸ್ಟಬ್, ಎಕ್ಸ್2ಎಪಿಕ್, ವರ್ಟಿಯೋ ಎಂಬ ವರ್ಚುವಲ್ ಡಿಸ್ಕ್ ಮತ್ತು ನೆಟ್‌ವರ್ಕ್ ಇವುಗಳೂ ಆನ್ ಇರಲಿ. ಅನ್‌ಆ್ಯಕ್ಸೆಪ್ಟೆಡ್ ಮೆಮೊರಿ ಆಯ್ಕೆ ಇದ್ದರೆ ಗೆಸ್ಟ್ ಮೆಮೊರಿಯನ್ನು ಒಮ್ಮೆಲೇ ಒಪ್ಪಿಕೊಳ್ಳದೆ ಬೇಕಾದಾಗ ಒಪ್ಪಿಕೊಳ್ಳುತ್ತದೆ. 32 ಜಿಬಿ, 64 ಜಿಬಿ ಗೆಸ್ಟ್ ಬೂಟ್ ಆಗುವಾಗ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಸ್‌ವಿಎಸ್‌ಎಂ ಕೊಡುವ ವರ್ಚುವಲ್ ಟಿಪಿಎಂ ಬಳಸುವುದಾದರೆ ಕರ್ನಲ್ 6.16 ಅಥವಾ ಹೊಸದು, ಅದರಲ್ಲಿ ಕಾನ್ಫಿಗ್_ಟಿಸಿಜಿ_ಎಸ್‌ವಿಎಸ್‌ಎಂ.

ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟು ಕರ್ನಲ್ ಚಿಕ್ಕದು ಮಾಡುವ ಅಭ್ಯಾಸ ಇದ್ದವರು ಎಚ್ಚರ ವಹಿಸಿ. ಅದು ಆ ಕ್ಷಣಕ್ಕೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸುತ್ತದೆ. ಮಾಮೂಲಿ ವಿಎಂನಲ್ಲಿ ಕೂತು ಅದನ್ನು ಕೊಟ್ಟರೆ ಸೆವ್-ಗೆಸ್ಟ್ ಡ್ರೈವರ್ ಹಾರಿಹೋಗುತ್ತದೆ. ಗೆಸ್ಟ್ ಚೆನ್ನಾಗಿಯೇ ಏಳುತ್ತದೆ, ಆದರೆ ವರದಿ ಕೇಳಲು ದಾರಿ ಇರುವುದಿಲ್ಲ. ವರದಿ ಇಲ್ಲದ ಗೆಸ್ಟ್ ಅನ್ನು ಬಾಡಿಗೆದಾರ ನಂಬಲು ಕಾರಣವೇ ಇಲ್ಲ.

6.11ಕ್ಕಿಂತ ಹಳೆಯ ಕರ್ನಲ್ ಎಸ್‌ವಿಎಸ್‌ಎಂ ಕೆಳಗೆ ಏಕೆ ಓಡದು ಎಂಬುದನ್ನೂ ತಿಳಿದುಕೊಳ್ಳಿ. ಅದು ಶುರುವಿನಲ್ಲೇ ಒಂದು ಆರ್‌ಎಂಪಿಅಡ್ಜಸ್ಟ್ ಮಾಡಿ ನೋಡುತ್ತದೆ. ಆಗದಿದ್ದರೆ ತಾನು ಹಂತ 0ರಲ್ಲಿಲ್ಲ ಎಂದು ತಿಳಿದು, ಅಲ್ಲೇ ನಿಲ್ಲಿಸಿ ಎಂದು ಹೈಪರ್‌ವೈಸರ್‌ಗೆ ಹೇಳುತ್ತದೆ. ಹೊಸ ಕರ್ನಲ್ ಹಾಗೆ ನಿಲ್ಲುವುದಿಲ್ಲ. ಗೆಸ್ಟ್‌ನ ಗುಪ್ತ ಮಾಹಿತಿ ಇರುವ ಸೀಕ್ರೆಟ್ಸ್ ಪುಟದಲ್ಲಿ ಎಸ್‌ವಿಎಸ್‌ಎಂ ಎಲ್ಲಿದೆ, ತನ್ನ ಹಂತ ಯಾವುದು, ಎಸ್‌ವಿಎಸ್‌ಎಂ ಜೊತೆ ಮಾತಾಡುವ ಪುಟ ಎಲ್ಲಿದೆ ಎಂಬುದನ್ನು ಓದಿಕೊಂಡು, ಪುಟ ಒಪ್ಪಿಕೊಳ್ಳುವುದರಿಂದ ಹಿಡಿದು ಎರಡನೇ, ಮೂರನೇ ವಿಸಿಪಿಯು (ಗೆಸ್ಟ್‌ನ ವರ್ಚುವಲ್ ಪ್ರೊಸೆಸರ್) ಎಬ್ಬಿಸುವವರೆಗೆ ಎಲ್ಲವನ್ನೂ ಎಸ್‌ವಿಎಸ್‌ಎಂ ಕೈಯಲ್ಲಿ ಮಾಡಿಸುತ್ತದೆ.

ಗೆಸ್ಟ್ ಎಬ್ಬಿಸುವುದು: ಮೊದಲು ಹಂತ 0

ನೇರವಾಗಿ ಎಸ್‌ವಿಎಸ್‌ಎಂಗೆ ಹಾರಬೇಡಿ. ಮೊದಲು ಗೆಸ್ಟ್ ಕರ್ನಲ್ ಅನ್ನೇ ಹಂತ 0ರಲ್ಲಿ ಓಡಿಸಿ ಹೋಸ್ಟ್ ಸರಿ ಇದೆ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ತಪ್ಪು ಯಾವ ಪದರದಲ್ಲಿದೆ ಎಂದು ಹುಡುಕುತ್ತಾ ಎರಡು ದಿನ ಹೋಗುತ್ತದೆ.

ಗೆಸ್ಟ್ ಎಬ್ಬಿಸುವ ಪ್ರೋಗ್ರಾಂ ಆದ ಕ್ಯೂಎಮು 9.1 ಅಥವಾ ಹೊಸದು ಬೇಕು. ಮಷಿನ್ ಕ್ಯೂ35, ಸಿಪಿಯು ಎಪಿಕ್-ವಿ4. ಸೆವ್-ಎಸ್‌ಎನ್‌ಪಿ-ಗೆಸ್ಟ್ ಎಂಬ ಆಬ್ಜೆಕ್ಟ್ ಮಾಡಿ ಅದರ ಐಡಿಯನ್ನು ಮಷಿನ್ ಸಾಲಿನ ಕಾನ್ಫಿಡೆನ್ಷಿಯಲ್-ಗೆಸ್ಟ್-ಸಪೋರ್ಟ್‌ಗೆ ಕೊಡಿ. ಸಿಬಿಟ್‌ಪಾಸ್ 51, ರಿಡ್ಯೂಸ್ಡ್-ಫಿಸ್-ಬಿಟ್ಸ್ 1. ಮೆಮೊರಿಗೆ ಮೆಮೊರಿ-ಬ್ಯಾಕೆಂಡ್-ಮೆಮ್‌ಎಫ್‌ಡಿ, ಶೇರ್ ಆನ್, ಪ್ರಿಅಲಾಕ್ ಆಫ್. ಗೆಸ್ಟ್‌ನ ಫರ್ಮ್‌ವೇರ್ ಆದ ಓವಿಎಂಎಫ್ ಅನ್ನು ಪಿಫ್ಲ್ಯಾಶ್ ಡ್ರೈವ್ ಆಗಿ ಕೊಡುವ ಹಳೆಯ ಸಾಲು ಇಲ್ಲಿ ನಡೆಯದು, ಬಯಾಸ್ ಆಯ್ಕೆಯಲ್ಲೇ ಕೊಡಬೇಕು. ವರ್ಟಿಯೋ ಸಾಧನಗಳಿಗೆಲ್ಲ ಡಿಸೇಬಲ್-ಲೆಗಸಿ ಆನ್, ಐಒಎಂಎಂಯು_ಪ್ಲಾಟ್‌ಫಾರ್ಮ್ ಆನ್.

ಗೆಸ್ಟ್ ಯಾವ ಷರತ್ತಿನಲ್ಲಿ ಓಡಬೇಕು ಎಂದು ಹೇಳುವ ಪಾಲಿಸಿ ಅಂಕಿ ಹೆಕ್ಸ್ 30000 ಇರಲಿ. ಅದರ 17ನೇ ಬಿಟ್ ಯಾವಾಗಲೂ 1 ಆಗಿರಲೇಬೇಕು, 16ನೇ ಬಿಟ್ ಎಸ್‌ಎಂಟಿ (ಒಂದೇ ಕೋರ್‌ನಲ್ಲಿ ಎರಡು ಥ್ರೆಡ್) ಇರುವ ಹೋಸ್ಟ್‌ನಲ್ಲಿ ಓಡಲು ಅನುಮತಿ. 16 ಅನ್ನು ತೆಗೆದು ಹೋಸ್ಟ್‌ನಲ್ಲಿ ಎಸ್‌ಎಂಟಿ ಆನ್ ಇಟ್ಟರೆ ಲಾಂಚ್ ವಿಫಲ. 19ನೇ ಬಿಟ್ ಡೀಬಗ್. ಅದು ಆನ್ ಆದರೆ ಹೋಸ್ಟ್ ಗೆಸ್ಟ್‌ನ ಮೆಮೊರಿಯನ್ನು ಡಿಕ್ರಿಪ್ಟ್ ಮಾಡಿ ಓದಬಹುದು. ಪರೀಕ್ಷೆಗೆ ಹಾಕಿದ ಡೀಬಗ್ ಪಾಲಿಸಿ ಹಾಗೇ ಉತ್ಪಾದನೆಗೆ ಹೋಗುವುದು ಎಲ್ಲಕ್ಕಿಂತ ಅಪಾಯದ ತಪ್ಪು, ಏಕೆಂದರೆ ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗೆಸ್ಟ್ ಎದ್ದ ಮೇಲೆ ಅದರ ಡಿಮೆಸ್ಗ್‌ನಲ್ಲಿ ಮೆಮೊರಿ ಎನ್‌ಕ್ರಿಪ್ಷನ್ ಫೀಚರ್ಸ್ ಆ್ಯಕ್ಟಿವ್ ಎಂಬ ಸಾಲಿನಲ್ಲಿ ಸೆವ್, ಸೆವ್-ಇಎಸ್, ಸೆವ್-ಎಸ್‌ಎನ್‌ಪಿ ಮೂರೂ ಇರಬೇಕು. ಕೊನೆಯದು ಇಲ್ಲದಿದ್ದರೆ ನೀವು ಓಡಿಸುತ್ತಿರುವುದು ಎಸ್‌ಎನ್‌ಪಿ ಗೆಸ್ಟ್ ಅಲ್ಲ. /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸೆವ್/ವಿಎಂಪಿಎಲ್ ಫೈಲ್ ಈಗ 0 ತೋರಿಸುತ್ತದೆ. ಬೂಟ್ ಸಾಲಿಗೆ ಸೆವ್=ಡೀಬಗ್ ಸೇರಿಸಿದರೆ ಕರ್ನಲ್ ಇನ್ನೂ ವಿವರವಾಗಿ ಹೇಳುತ್ತದೆ.

ಮೆಮೊರಿ ಲೆಕ್ಕದಲ್ಲಿ ಉದಾರವಾಗಿರಿ. ಎಸ್‌ಎನ್‌ಪಿ ಗೆಸ್ಟ್‌ನ ಖಾಸಗಿ ಪುಟಗಳು ಸ್ವಾಪ್‌ಗೆ ಹೋಗುವುದಿಲ್ಲ, ಒಂದೇ ತೆರನ ಪುಟ ಕೂಡಿಸಿ ಉಳಿಸುವ ಕೆಎಸ್‌ಎಂ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. 64 ಜಿಬಿ ಹೋಸ್ಟ್‌ನಲ್ಲಿ 16 ಜಿಬಿಯ ಮೂರು ಗೆಸ್ಟ್ ಇಡಿ, ನಾಲ್ಕನೆಯದನ್ನು ತುರುಕಬೇಡಿ. ಗೆಸ್ಟ್‌ನೊಳಗೂ ಒಂದು ಖರ್ಚಿದೆ. ಸಾಧನಗಳು ಎನ್‌ಕ್ರಿಪ್ಟ್ ಆದ ಪುಟ ಓದಲಾರದ್ದರಿಂದ ಡಿಸ್ಕ್, ನೆಟ್‌ವರ್ಕ್‌ನ ಎಲ್ಲ ಡೇಟಾ ಎಸ್‌ಡಬ್ಲ್ಯುಐಒಟಿಎಲ್‌ಬಿ ಎಂಬ ಹಂಚಿಕೆಯ ಬಫರ್ ಮೂಲಕ ಹಾದು ಹೋಗುತ್ತದೆ. ಕರ್ನಲ್ ಇದಕ್ಕೆ ಮೆಮೊರಿಯ 6 ಶೇಕಡಾ ತೆಗೆದಿಡುತ್ತದೆ, ಗರಿಷ್ಠ 1 ಜಿಬಿ. 2 ಜಿಬಿಯ ಪುಟ್ಟ ಗೆಸ್ಟ್‌ನಲ್ಲಿ ಸಂಜೆ ಹೊತ್ತು ಹಾಲಿನ ಲೆಕ್ಕ ಒಟ್ಟಿಗೆ ಬಂದು ಬಿದ್ದಾಗ ಬಫರ್ ಈಸ್ ಫುಲ್ ಎಂಬ ಸಾಲುಗಳು ಬಂದು ಡಿಸ್ಕ್ ಎರರ್ ಶುರುವಾದರೆ ಕಾರಣ ಇದೇ. ಬೂಟ್ ಸಾಲಿನಲ್ಲಿ ಎಸ್‌ಡಬ್ಲ್ಯುಐಒಟಿಎಲ್‌ಬಿ=262144 ಕೊಡಿ; ಒಂದೊಂದು ತುಣುಕು 2 ಕೆಬಿ, ಒಟ್ಟು 512 ಎಂಬಿ. ಅದಕ್ಕೆ ತಕ್ಕಂತೆ ಗೆಸ್ಟ್‌ನ ರ‍್ಯಾಮ್ ಕೂಡ ಹೆಚ್ಚಿಸಿ.

ಈಗ ಎಸ್‌ವಿಎಸ್‌ಎಂ, ಗೆಸ್ಟ್ ಹಂತ 2ಕ್ಕೆ

ಮುಕ್ತ ಎಸ್‌ವಿಎಸ್‌ಎಂಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ರಸ್ಟ್ ಭಾಷೆಯಲ್ಲಿ ಬರೆದ ಕೊಕೊನಟ್-ಎಸ್‌ವಿಎಸ್‌ಎಂ. ಸೂಸೆ 2023ರಲ್ಲಿ ಹೊರತಂದ ಈ ಯೋಜನೆ ಈಗ ಕಾನ್ಫಿಡೆನ್ಷಿಯಲ್ ಕಂಪ್ಯೂಟಿಂಗ್ ಕನ್ಸಾರ್ಷಿಯಂ ಆಶ್ರಯದಲ್ಲಿದೆ. ಒಂದೇ ವಿಸಿಪಿಯುವನ್ನು ಹಲವು ಹಂತಗಳಲ್ಲಿ ಓಡಿಸಲು ಹೋಸ್ಟ್ ಕರ್ನಲ್‌ಗೆ ವಿಶೇಷ ಬೆಂಬಲ ಬೇಕು. ಅದಕ್ಕಾಗಿ ಈ ಯೋಜನೆ ತನ್ನದೇ ಲಿನಕ್ಸ್ ಹೋಸ್ಟ್ ಟ್ರೀ ಮತ್ತು ಕ್ಯೂಎಮು ಟ್ರೀ ಇಟ್ಟುಕೊಂಡಿದೆ. ಮೇಲೆ ಹೇಳಿದ ಕಾನ್ಫಿಗ್ ಫೈಲ್ ಅನ್ನೇ ಆ ಟ್ರೀಗೆ ಕೊಂಡೊಯ್ದು ಕಟ್ಟಿ. ಹಳೆಯ ಹೋಸ್ಟ್ ಕರ್ನಲ್ ಅನ್ನು ಗ್ರಬ್ ಮೆನುವಿನಿಂದ ತೆಗೆಯಬೇಡಿ, ಹಿಂದಿರುಗಲು ಬೇಕಾಗುತ್ತದೆ.

ಎಸ್‌ವಿಎಸ್‌ಎಂ ಅರಿತ ಓವಿಎಂಎಫ್ ಒಂದನ್ನು ಕಟ್ಟಿ, ಅದರ ದಾರಿಯನ್ನು ಎಫ್‌ಡಬ್ಲ್ಯು_ಫೈಲ್ ಎಂಬ ವೇರಿಯಬಲ್‌ನಲ್ಲಿಟ್ಟು ಕೊಕೊನಟ್ ಡೈರೆಕ್ಟರಿಯಲ್ಲಿ ಮೇಕ್ ಕೊಟ್ಟರೆ ಎಸ್‌ವಿಎಸ್‌ಎಂ, ಓವಿಎಂಎಫ್ ಎರಡೂ ಸೇರಿದ ಐಜಿವಿಎಂ ಎಂಬ ಬೂಟ್ ಫೈಲ್ ಸಿಗುತ್ತದೆ. ಕ್ಯೂಎಮು ಸಾಲಿನಲ್ಲಿ ಬಯಾಸ್ ಆಯ್ಕೆ ತೆಗೆದು, ಐಜಿವಿಎಂ-ಸಿಎಫ್‌ಜಿ ಆಬ್ಜೆಕ್ಟ್ ಮಾಡಿ ಅದಕ್ಕೆ ಈ ಫೈಲ್ ತೋರಿಸಿ, ಮಷಿನ್ ಸಾಲಿನಲ್ಲಿ ಅದರ ಐಡಿ ಕೊಡಿ. ಸೀರಿಯಲ್ ಪೋರ್ಟ್‌ನಲ್ಲಿ ಮೊದಲು ಎಸ್‌ವಿಎಸ್‌ಎಂನ ಸಾಲುಗಳು, ಆಮೇಲೆ ಓವಿಎಂಎಫ್, ಆಮೇಲೆ ಲಿನಕ್ಸ್ ಬರುತ್ತವೆ. ಗೆಸ್ಟ್‌ನ ವಿಎಂಪಿಎಲ್ ಫೈಲ್ ಈಗ 2 ತೋರಿಸಬೇಕು.

ಗೆಸ್ಟ್ ಕರಿ ಪರದೆಯಲ್ಲೇ ಸತ್ತರೆ ಗೆಸ್ಟ್‌ನ ಲಾಗ್ ಹುಡುಕಿ ಫಲವಿಲ್ಲ, ಅದು ಬರೆಯುವಷ್ಟು ದೂರವೇ ಹೋಗಿರುವುದಿಲ್ಲ. ಹೋಸ್ಟ್‌ನ ಡಿಮೆಸ್ಗ್ ನೋಡಿ. ಗೆಸ್ಟ್ ರಿಕ್ವೆಸ್ಟೆಡ್ ಟರ್ಮಿನೇಷನ್ ಎಂಬ ಸಾಲಿನ ಕೊನೆಗೆ ಕೋಲನ್ ನಡುವೆ ಎರಡು ಅಂಕಿ ಇರುತ್ತವೆ. ಮೊದಲನೆಯದು 1 ಆದರೆ ಅದು ಲಿನಕ್ಸ್ ಕೊಟ್ಟ ಕಾರಣ. ಎರಡನೆಯದು 2 ಎಂದರೆ ಪಿವ್ಯಾಲಿಡೇಟ್ ವಿಫಲ. 3 ಎಂದರೆ ಹಂತ 0ರಲ್ಲಿಲ್ಲ: ಗೆಸ್ಟ್ ಕರ್ನಲ್ 6.11ಕ್ಕಿಂತ ಹಳೆಯದು, ಇಲ್ಲವೇ ಹಲವು ಹಂತ ನಡೆಸಬಲ್ಲೆ ಎಂದು ಹೋಸ್ಟ್ ಹೇಳಿಕೊಂಡಿಲ್ಲ. ಹೋಸ್ಟ್ ಹೇಳಿಕೊಂಡಿಲ್ಲವಾದರೆ ನೀವು ಮಾಮೂಲಿ ಕರ್ನಲ್‌ಗೆ ಬೂಟ್ ಆಗಿದ್ದೀರಿ. 6 ಎಂದರೆ ಸೀಕ್ರೆಟ್ಸ್ ಪುಟ ಸಿಗಲಿಲ್ಲ. 8 ಎಂದರೆ ಎಸ್‌ವಿಎಸ್‌ಎಂ ಇದೆ ಎಂದು ಹೇಳುತ್ತಲೇ ಗೆಸ್ಟ್ ಹಂತವನ್ನು 0 ಎಂದು ಬರೆದಿದ್ದಾರೆ, 9 ಎಂದರೆ ಮಾತಾಡುವ ಪುಟದ ವಿಳಾಸ ಸರಿ ಇಲ್ಲ. ಕೊನೆಯ ಎರಡು ಬಂದರೆ ಕರ್ನಲ್ ಮುಟ್ಟಬೇಡಿ, ಐಜಿವಿಎಂ ಫೈಲ್ ಅನ್ನೇ ಮತ್ತೆ ಕಟ್ಟಿ.

ವರ್ಚುವಲ್ ಟಿಪಿಎಂ ಬಗ್ಗೆ ಒಂದು ಮಾತು. ಅದು ತನ್ನ ಸ್ಥಿತಿಯನ್ನು ಎಲ್ಲೂ ಉಳಿಸದೆ ಪ್ರತಿ ಬೂಟ್‌ಗೂ ಹೊಸ ಕೀ ಹುಟ್ಟಿಸುವ ಬಗೆಯದಾಗಿದ್ದರೆ ಡಿಸ್ಕ್ ಕೀಯನ್ನು ಅದಕ್ಕೆ ಸೀಲ್ ಮಾಡಬೇಡಿ. ಒಂದು ರೀಬೂಟ್ ಆದರೆ ಡಿಸ್ಕ್ ತೆರೆಯುವ ದಾರಿ ಮುಚ್ಚುತ್ತದೆ. ಬೂಟ್ ಅಳತೆಗಳನ್ನು ದೂರದ ಪರಿಶೀಲಕನಿಗೆ ತೋರಿಸಲು ಮಾತ್ರ ಬಳಸಿ.

ವರದಿ ತೆಗೆದು ಓದುವುದು

ಡಿಮೆಸ್ಗ್, ಸಿಸ್ ಫೈಲ್‌ಗಳೆಲ್ಲ ನಿಮ್ಮ ಅನುಕೂಲಕ್ಕೆ. ಅವು ಪುರಾವೆ ಅಲ್ಲ. ಕೆಟ್ಟ ಹೋಸ್ಟ್ ಮಾಮೂಲಿ ವಿಎಂ ಎಬ್ಬಿಸಿ, ತಿದ್ದಿದ ಕರ್ನಲ್ ಒಂದರಲ್ಲಿ ಅದೇ ಸಾಲುಗಳನ್ನು ಬರೆಸಬಹುದು. ನಂಬಬಹುದಾದದ್ದು ಪ್ರೊಸೆಸರ್ ತನ್ನ ಕೀಯಿಂದ ಸಹಿ ಹಾಕಿದ ವರದಿ ಒಂದೇ. ಈ ಇಡೀ ಕೆಲಸದಲ್ಲಿ ನಾವು ಹೆಚ್ಚು ತೂಕ ಕೊಡುವ ಭಾಗ ಇದು, ಜನ ಬಿಟ್ಟುಬಿಡುವ ಭಾಗವೂ ಇದೇ.

/ಸಿಸ್/ಕರ್ನಲ್/ಕಾನ್ಫಿಗ್/ಟಿಎಸ್‌ಎಂ/ರಿಪೋರ್ಟ್ ಒಳಗೆ ಎಂಕೆಡಿಐಆರ್‌ನಿಂದ ಒಂದು ಡೈರೆಕ್ಟರಿ ಮಾಡಿ. ಪರಿಶೀಲಕನಿಂದ ಬಂದ 64 ಬೈಟ್‌ನ ಯಾದೃಚ್ಛಿಕ ಸಂಖ್ಯೆಯನ್ನು ಇನ್‌ಬ್ಲಾಬ್‌ಗೆ ಬರೆಯಿರಿ. ಗೆಸ್ಟ್ ತನಗೆ ತಾನೇ ಆ ಸಂಖ್ಯೆ ಹುಟ್ಟಿಸಿಕೊಂಡರೆ ಹಳೆಯ ವರದಿಯನ್ನೇ ಮತ್ತೆ ತೋರಿಸಿಲ್ಲ ಎನ್ನಲು ಆಧಾರ ಇರುವುದಿಲ್ಲ. ಪ್ರಿವ್‌ಲೆವೆಲ್ ಫೈಲ್‌ಗೆ ಯಾವ ಹಂತದ ಹೆಸರಲ್ಲಿ ವರದಿ ಬೇಕು ಎಂದು ಬರೆಯಬಹುದು. ಪ್ರಿವ್‌ಲೆವೆಲ್_ಫ್ಲೋರ್ ತೋರಿಸುವುದಕ್ಕಿಂತ ಚಿಕ್ಕ ಅಂಕಿ ಬರೆದರೆ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎಂದು ತಿರಸ್ಕಾರ. ಹಂತ 2ರ ಗೆಸ್ಟ್ ಹಂತ 0ರ ಹೆಸರಲ್ಲಿ ಮಾತಾಡಲಾರದು, ಅದೇ ಈ ವ್ಯವಸ್ಥೆಯ ತಿರುಳು. ಆಮೇಲೆ ಔಟ್‌ಬ್ಲಾಬ್ ಓದಿ. ಗಾತ್ರ 1184 ಬೈಟ್ ಇರಬೇಕು. ಎರಡು ಪ್ರೋಗ್ರಾಂಗಳು ಒಂದೇ ಡೈರೆಕ್ಟರಿ ಬಳಸಿದರೆ ಒಬ್ಬರ ವರದಿ ಇನ್ನೊಬ್ಬರಿಗೆ ಹೋಗುವ ಸಂಭವ ಇದೆ. ಪ್ರತಿಯೊಂದಕ್ಕೂ ಬೇರೆ ಡೈರೆಕ್ಟರಿ ಮಾಡಿ, ಜನರೇಷನ್ ಫೈಲ್‌ನ ಅಂಕಿ ನಿಮ್ಮ ಬರಹದಿಂದಷ್ಟೇ ಬದಲಾಗಿದೆಯೇ ನೋಡಿ.

ವರದಿಯ 8ನೇ ಬೈಟ್‌ನಿಂದ ಎಂಟು ಬೈಟ್ ಪಾಲಿಸಿ. ಅಲ್ಲಿ 19ನೇ ಬಿಟ್ 0 ಇರಲೇಬೇಕು. 48ನೇ ಬೈಟ್‌ನಿಂದ ನಾಲ್ಕು ಬೈಟ್ ವಿಎಂಪಿಎಲ್. 80ನೇ ಬೈಟ್‌ನಿಂದ 64 ಬೈಟ್ ನೀವು ಕೊಟ್ಟ ಸಂಖ್ಯೆ. 144ನೇ ಬೈಟ್‌ನಿಂದ 48 ಬೈಟ್ ಲಾಂಚ್ ಅಳತೆ, ಅಂದರೆ ಗೆಸ್ಟ್ ಎಬ್ಬಿಸುವಾಗ ಅದರ ಮೆಮೊರಿಗೆ ಇಟ್ಟದ್ದರ ಹ್ಯಾಶ್. ಓಡಿ ಎಂಬ ಸಣ್ಣ ಕಮಾಂಡ್ ಸಾಕು ಇವನ್ನು ಬಿಡಿಸಿ ನೋಡಲು. ಎಸ್‌ಎನ್‌ಪಿಗೆಸ್ಟ್ ಟೂಲ್ ಸಹಿಯನ್ನೂ ಪರಿಶೀಲಿಸಿಕೊಡುತ್ತದೆ.

ಎಸ್‌ವಿಎಸ್‌ಎಂ ಇದ್ದಾಗ ಸರ್ವಿಸ್_ಪ್ರೊವೈಡರ್ ಎಂಬ ಫೈಲ್ ಕೂಡ ಕಾಣುತ್ತದೆ. ಅದಕ್ಕೆ ಎಸ್‌ವಿಎಸ್‌ಎಂ ಎಂದು ಬರೆದರೆ ವರದಿಯನ್ನು ಹಂತ 0ರ ಹೆಸರಲ್ಲಿ ಎಸ್‌ವಿಎಸ್‌ಎಂ ತಾನೇ ತರುತ್ತದೆ, ಜೊತೆಗೆ ತನ್ನ ಸೇವೆಗಳ ಪಟ್ಟಿಯನ್ನು ಮ್ಯಾನಿಫೆಸ್ಟ್‌ಬ್ಲಾಬ್‌ನಲ್ಲಿ ಕೊಡುತ್ತದೆ. ಈಗ 80ನೇ ಬೈಟ್‌ನಲ್ಲಿ ನಿಮ್ಮ ಸಂಖ್ಯೆ ನೇರವಾಗಿ ಇರುವುದಿಲ್ಲ. ಆ ಸಂಖ್ಯೆ ಮತ್ತು ಪಟ್ಟಿ ಎರಡನ್ನೂ ಸೇರಿಸಿ ತೆಗೆದ ಎಸ್‌ಎಚ್‌ಎ-512 ಇರುತ್ತದೆ. ಹಂತ 0ಕ್ಕೆ ಬರೆದ ಹಳೆಯ ಪರಿಶೀಲನಾ ಸ್ಕ್ರಿಪ್ಟ್ ಇಲ್ಲಿ ಹೊಂದಿಕೆಯಾಗಲಿಲ್ಲ ಎನ್ನುವುದು ಇದರಿಂದಲೇ. ಸ್ಕ್ರಿಪ್ಟ್ ತಿದ್ದಿ. ಹೊಂದಿಕೆ ನೋಡುವ ಸಾಲನ್ನೇ ಕಿತ್ತು ಹಾಕಬೇಡಿ.

ಅಳತೆ ಹೊಂದದಿದ್ದರೆ ಗಾಬರಿಯಾಗುವ ಮೊದಲು ವಿಸಿಪಿಯು ಸಂಖ್ಯೆ ಮತ್ತು ಸಿಪಿಯು ಮಾದರಿ ನೋಡಿ. ವಿಸಿಪಿಯುಗಳ ಆರಂಭಿಕ ಸ್ಥಿತಿಯೂ ಅಳತೆಗೆ ಸೇರುವುದರಿಂದ 2 ವಿಸಿಪಿಯು ಗೆಸ್ಟ್ ಅನ್ನು 4 ಮಾಡಿದರೂ ಅಳತೆ ಬೇರೆಯಾಗಬಹುದು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಡಿಸ್ಕ್‌ನಿಂದ ಬೂಟ್ ಆಗುವ ಗೆಸ್ಟ್‌ನಲ್ಲಿ ಈ ಅಳತೆಯೊಳಗೆ ಬರುವುದು ಓವಿಎಂಎಫ್‌ವರೆಗೆ ಮಾತ್ರ. ನೀವು ಇಷ್ಟು ಕಷ್ಟಪಟ್ಟು ಕಟ್ಟಿದ ಕರ್ನಲ್ ಅದರಲ್ಲಿ ಇಲ್ಲವೇ ಇಲ್ಲ. ಅದನ್ನೂ ಒಳಗೆ ತರಬೇಕಾದರೆ ಹಂತ 0ರ ಗೆಸ್ಟ್‌ನಲ್ಲಿ ಓವಿಎಂಎಫ್‌ನ ಎಎಂಡಿಸೆವ್ ಬಿಲ್ಡ್ ಬಳಸಿ, ಕರ್ನಲ್, ಇನಿಟ್‌ಆರ್‌ಡಿ, ಬೂಟ್ ಸಾಲುಗಳನ್ನು ಕ್ಯೂಎಮುವಿಗೆ ನೇರ ಕೊಟ್ಟು ಕರ್ನಲ್-ಹ್ಯಾಶಸ್ ಆನ್ ಮಾಡಿ. ಎಸ್‌ವಿಎಸ್‌ಎಂ ಇದ್ದರೆ ವರ್ಚುವಲ್ ಟಿಪಿಎಂನ ಬೂಟ್ ಅಳತೆಗಳಿಂದ ಕರ್ನಲ್ ಪರಿಶೀಲಿಸಿ.

ಸಹಿ ಪರಿಶೀಲಿಸಲು ಆ ಪ್ರೊಸೆಸರ್‌ನ ವಿಸಿಇಕೆ (ವರದಿಗೆ ಸಹಿ ಹಾಕುವ ಕೀ) ಸರ್ಟಿಫಿಕೇಟ್ ಎಎಂಡಿಯ ಸರ್ಟಿಫಿಕೇಟ್ ಹಂಚುವ ಕೆಡಿಎಸ್ ಸರ್ವರ್‌ನಿಂದ ಬರಬೇಕು. ಪದೇಪದೇ ಕೇಳಿದರೆ ಆ ಸರ್ವರ್ ತಡೆಯುತ್ತದೆ, ನಮ್ಮ ಇಂಟರ್‌ನೆಟ್ ಕೈಕೊಡುವ ಹೊತ್ತೂ ಇರುತ್ತದೆ. ಒಮ್ಮೆ ತಂದು ಉಳಿಸಿಕೊಳ್ಳಿ. ಆದರೆ ವಿಸಿಇಕೆ ಹುಟ್ಟುವುದು ಚಿಪ್ ಮತ್ತು ಫರ್ಮ್‌ವೇರ್ ಆವೃತ್ತಿ ಎರಡರಿಂದ. ಹೋಸ್ಟ್‌ನವರು ಫರ್ಮ್‌ವೇರ್ ಅಪ್‌ಡೇಟ್ ಮಾಡಿದ ಮರುದಿನ ಎಲ್ಲ ಗೆಸ್ಟ್‌ಗಳ ಸಹಿ ತಪ್ಪು ಎಂದು ಬಂದರೆ ಉಳಿಸಿಟ್ಟ ಹಳೆಯ ಸರ್ಟಿಫಿಕೇಟ್ ತೆಗೆದು ಹೊಸದು ತನ್ನಿ. ಅಪ್‌ಡೇಟ್‌ಗೆ ಮೊದಲೇ ಬಾಡಿಗೆದಾರರಿಗೆ ತಿಳಿಸುವುದು ಹೋಸ್ಟ್‌ನವರ ಹೊಣೆ.

ಇನ್ನೊಂದು ತೊಂದರೆ: ನಡುವಲ್ಲಿ ಇದ್ದಕ್ಕಿದ್ದಂತೆ ವರದಿ ಬರುವುದೇ ನಿಂತು, ವಿಎಂಪಿಸಿಕೆ ಕೀ ನಿಷ್ಕ್ರಿಯಗೊಳಿಸಲಾಗಿದೆ ಎಂಬ ಸಾಲು ಗೆಸ್ಟ್ ಲಾಗ್‌ನಲ್ಲಿ ಕಾಣುವುದು. ಪ್ರತಿ ಹಂತಕ್ಕೂ ಒಂದರಂತೆ ನಾಲ್ಕು ಕೀಗಳು ಸೀಕ್ರೆಟ್ಸ್ ಪುಟದಲ್ಲಿರುತ್ತವೆ, ಗೆಸ್ಟ್ ಮತ್ತು ಸುರಕ್ಷಾ ಪ್ರೊಸೆಸರ್ ನಡುವಿನ ಸಂದೇಶ ಆ ಕೀಯಿಂದ ಎನ್‌ಕ್ರಿಪ್ಟ್ ಆಗುತ್ತದೆ. ಹೋಸ್ಟ್ ಒಂದು ಸಂದೇಶವನ್ನು ಅರ್ಧಕ್ಕೆ ಬಿಟ್ಟರೆ, ಅದೇ ಕ್ರಮಸಂಖ್ಯೆಯಲ್ಲಿ ಬೇರೆ ಸಂದೇಶ ಹೋಗಿ ಎಇಎಸ್-ಜಿಸಿಎಂನ ಗುಟ್ಟು ಒಡೆಯಬಹುದು ಎಂದು ಡ್ರೈವರ್ ಆ ಕೀಯನ್ನೇ ಅಳಿಸಿಬಿಡುತ್ತದೆ. ಮಾಡ್ಯೂಲ್ ತೆಗೆದು ಹಾಕಿದರೆ ಅದು ಮರಳಿ ಬರುವುದಿಲ್ಲ. ಗೆಸ್ಟ್ ಅನ್ನು ಪೂರ್ತಿ ನಿಲ್ಲಿಸಿ ಹೊಸದಾಗಿ ಎಬ್ಬಿಸಿ, ಹೋಸ್ಟ್‌ನ ಸಿಸಿಪಿ ಲಾಗ್‌ನಲ್ಲಿ ಆ ಹೊತ್ತಿಗೆ ಏನಾಯಿತು ಎಂದು ಕೇಳಿ ಪಡೆಯಿರಿ.

ಡಿಸ್ಕ್‌ನ ಕೀಯನ್ನು ಗೆಸ್ಟ್ ಇಮೇಜ್‌ನೊಳಗೆ ಇಡಬೇಡಿ. ಸಹಿ, ಪಾಲಿಸಿ, ವಿಎಂಪಿಎಲ್, ಅಳತೆ ನಾಲ್ಕೂ ಹೊಂದಿದ ಮೇಲೆ ಮಾತ್ರ ನಿಮ್ಮ ಕಚೇರಿಯ ಯಂತ್ರದಿಂದ ಗೆಸ್ಟ್‌ಗೆ ಕಳುಹಿಸುವಂತೆ ಮಾಡಿ. ಆಗ ಇನ್‌ಬ್ಲಾಬ್‌ಗೆ ಬರೀ ಯಾದೃಚ್ಛಿಕ ಸಂಖ್ಯೆಯ ಬದಲು, ಆ ಸಂಖ್ಯೆ ಮತ್ತು ಅದನ್ನು ಕಳುಹಿಸುವ ದಾರಿಯ ಟಿಎಲ್‌ಎಸ್ ಕೀ ಎರಡನ್ನೂ ಸೇರಿಸಿ ತೆಗೆದ 64 ಬೈಟ್‌ನ ಹ್ಯಾಶ್ ಬರೆಯಿರಿ, ಇಲ್ಲದಿದ್ದರೆ ಒಳ್ಳೆಯ ಗೆಸ್ಟ್‌ನ ವರದಿ ತೋರಿಸಿ ಕೀಯನ್ನು ಬೇರೆ ಯಂತ್ರಕ್ಕೆ ಇಳಿಸಿಕೊಳ್ಳಬಹುದು.